ಸಿರಿಲ್ ಪಾಡ್ಮೋರ್ ಹೆಸರಿನ ಕರೆಂಟು

ನವೆಂಬರ್ ೧, ಶನಿವಾರ

ಸ್ವಸ್ತಿ ಶ್ರೀ. ಇಂಗ್ಲೆಂಡಿನ ಬರ್ಸ್ಲೆಮ್ ಊರಿನ ಇಪ್ಪತ್ತೇಳನೇ ನಂಬರಿನ ಕೆಂಪಿಟ್ಟಿಗೆ ಮನೆಗೆ ಏಕೈಕ ಒಡೆಯನೂ (ಬ್ಯಾಂಕು ಮತ್ತು ಜೆಮ್ಮಾ ಇಬ್ಬರನ್ನು ಬಿಟ್ಟು), ಎರಡು ಮಲಗುವ ಕೋಣೆ, ಒಂದು ತೊಟ್ಟಿಕ್ಕುವ ನಲ್ಲಿ ಹಾಗೂ ಹಿತ್ತಿಲಿನ ಒಂಬತ್ತು ಚಪ್ಪಡಿ ಕಲ್ಲುಗಳ ಚಕ್ರವರ್ತಿಯೂ, ಟೈಲ್ಸ್ ಗೋದಾಮಿನ ಉಪಸಹಾಯಕ ದಂಡನಾಯಕನೂ ಆದ ಟೋಬಿ ಬ್ಲೋರ್ ಮಹಾಪ್ರಭುವು, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಸಕಲ ದಿಕ್ಕುಗಳ ಪ್ರಜೆಗಳಿಗೂ, ಇನ್ನೂ ಹುಟ್ಟದ ಚರಿತ್ರಕಾರರಿಗೂ, ಮುಖ್ಯವಾಗಿ ಈ ನೋಟುಬುಕ್ಕಿಗೂ ಅಪ್ಪಣೆ ಕೊಡಿಸುವುದೇನೆಂದರೆ: ಮನೆಯ ಕೀಲಿ ಕೈಗೆ ಬಂತು.

ನೋಟುಬುಕ್ಕು ನನ್ನ ಸಂಗಾತಿ ಜೆಮ್ಮಾ ಕೊಟ್ಟದ್ದು. ಬೀಗ ತೆಗೆಯುವ ಮುಂಚೆ ಹೊಸ್ತಿಲಲ್ಲಿ ನಿಂತು ನಾನು ಭಾಷಣ ಶುರು ಮಾಡಿದಾಗ ಅವಳ ತೋಳಿನಲ್ಲಿ ಮೈಕ್ರೋವೇವ್ ಇತ್ತು. "ಲೋ, ಈ ಭಾಷಣ ಎಲ್ಲಾ ಯಾವ್ದಾದ್ರೂ ಪುಸ್ತಕಕ್ಕೆ ಮಾಡು. ನಂಗೆ ಕೈ ಕಿತ್ತು ಬರ್ತಿದೆ," ಎಂದಳು. ಸಂಜೆ ಪೆಟ್ಟಿಗೆಯೊಂದರಿಂದ ಇದನ್ನು ತೆಗೆದು ನನ್ನ ತಲೆಗೆ ಗುರಿಯಿಟ್ಟು ಎಸೆದಳು.

ಮೊದಲನೇ ರಾಜಕಾರ್ಯ ಕರೆಂಟು. ಮನೆ ಕೊಂಡರೆ ಹಳೆ ಮಾಲೀಕನ ಪರದೆ, ಅವನ ಗೋಡೆಯ ಮೊಳೆ, ಅವನ ಕರೆಂಟು ಕಂಪನಿ ಎಲ್ಲವೂ ಜೊತೆಗೇ ಬರುತ್ತವೆ. ಆ ಕಂಪನಿಯ ದರ ನೋಡಿದರೆ ದೀಪ ಹಾಕುವುದಕ್ಕಿಂತ ಸೂರ್ಯನನ್ನು ಬಾಡಿಗೆಗೆ ತರುವುದು ಅಗ್ಗ. ಆದ್ದರಿಂದ ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚುವ ಮೊದಲೇ ಕಂಪನಿಯನ್ನು ಬದಲಾಯಿಸತಕ್ಕದ್ದೆಂದು ಫರ್ಮಾನು ಹೊರಡಿಸಿದೆ. ಜೆಮ್ಮಾ ಆಕಳಿಸಿ ಸಮ್ಮತಿ ಸೂಚಿಸಿದಳು.

ನವೆಂಬರ್ ೨, ಭಾನುವಾರ

ಇಂದು ಮೀಟರು ದರ್ಶನ ಮಹೋತ್ಸವ ಸಾಂಗವಾಗಿ ನೆರವೇರಿತು.

ನಮ್ಮ ಮನೆಗೂ ಪಕ್ಕದ ಇಪ್ಪತ್ತೊಂಬತ್ತನೇ ಮನೆಗೂ ನಡುವೆ ಹಿತ್ತಿಲಿಗೆ ಹೋಗುವ ಒಂದು ಕಿರಿದಾದ ಓಣಿ ಇದೆ. ಮೇಲೆ ನಮ್ಮದೇ ಕೋಣೆ ಕೂತಿರುವುದರಿಂದ ಸುರಂಗದ ಹಾಗೆ ಕತ್ತಲು. ಅದರೊಳಗೆ ಗೋಡೆಗೆ ಎರಡು ಮೀಟರು ಡಬ್ಬಿಗಳು, ಒಂದು ಎಡಕ್ಕೆ, ಒಂದು ಬಲಕ್ಕೆ. ಬೀದಿಯಲ್ಲಿ ನಿಂತು ನೋಡಿದರೆ ನಮ್ಮ ಮನೆ ಎಡಕ್ಕೆ. ಆದಕಾರಣ ಎಡದ ಡಬ್ಬಿ ನಮ್ಮದು. ಇಂಥ ತರ್ಕಕ್ಕೆ ಯಾವ ಪಂಡಿತನೂ ಬೇಕಿಲ್ಲ.

ಹಳೆ ಮಾಲೀಕನ ವೆಲ್ವೆಟ್ ಪರದೆಯನ್ನು ನಿಲುವಂಗಿಯಂತೆ ಹೊದ್ದು, ಸೌಟನ್ನು ರಾಜದಂಡದಂತೆ ಹಿಡಿದು ಓಣಿ ಪ್ರವೇಶಿಸಿದೆ. ಮೀಟರಿನ ಮೇಲಿನ ಉದ್ದನೆಯ ನಂಬರನ್ನು ಒಂದೊಂದೇ ಅಂಕಿ ಹಾಡಿ ಹೇಳಿದೆ. ಜೆಮ್ಮಾ ಬ್ರೈಟ್‌ಹೆಡ್ಜ್ ಎಂಬ ಹೊಸ ಕಂಪನಿಯ ಅರ್ಜಿಯಲ್ಲಿ ತುಂಬಿದಳು. ಅರ್ಜಿ ಒಂದೇ ಒಂದು ಪ್ರಶ್ನೆ ಕೇಳಿತಂತೆ. "ಈ ನಂಬರು ನಿಮ್ಮ ಮನೇದೇ ಅಂತ ಖಾತ್ರಿನಾ ಅಂತ ಕೇಳ್ತಿದೆ ಕಣೋ."

"ಚಕ್ರವರ್ತಿಯನ್ನು ಪ್ರಶ್ನಿಸುವ ಧೈರ್ಯವೇ? ಹೌದು ಅಂತ ಒತ್ತು."

ಒತ್ತಿದಳು. ಅಷ್ಟರಲ್ಲಿ ಪಕ್ಕದ ಮನೆಯ ಹಿಂಬಾಗಿಲು ತೆರೆಯಿತು. ಬಿಳಿ ಕೂದಲಿನ, ಗುಬ್ಬಿಯಂಥ ಹೆಂಗಸು. ಕೈಯಲ್ಲಿ ಕಸದ ಚೀಲ. ನನ್ನ ಪರದೆಯನ್ನೂ ಸೌಟನ್ನೂ ಮೇಲಿಂದ ಕೆಳಗೆ ನೋಡಿದರು.

"ಏನ್ ಬಾತೂ, ಪಟ್ಟಾಭಿಷೇಕಾನಾ?"

ಬಾತು ಎಂದರೆ ಬಾತುಕೋಳಿ, ಈ ಊರಿನ ಪ್ರೀತಿಯ ಕರೆ; ಇಲ್ಲಿ ಎಲ್ಲರೂ ಎಲ್ಲರಿಗೂ ಬಾತುಗಳೇ. ಬಸ್ಸಿನ ಚಾಲಕನಿಗೂ ಪಾದ್ರಿಗೂ ವ್ಯತ್ಯಾಸವಿಲ್ಲ. ಆದರೂ ಚಕ್ರವರ್ತಿಗೆ ತುಸು ಮುಖಭಂಗವಾಯಿತು.

"ಕರೆಂಟು ಕಂಪನಿ ಬದಲಾಯಿಸ್ತಿದ್ದೀವಿ," ಎಂದೆ.

"ಓ, ಅದಕ್ಕೆ ಈಗ ಸೌಟು ಬೇಕಾ?" ಎಂದು ಹೇಳಿ ಕಸ ಹಾಕಿ ಒಳಗೆ ಹೋದರು. ಹೆಸರು ಡೊರೀನ್ ಪಾಡ್ಮೋರ್.

ನವೆಂಬರ್ ೧೦, ಸೋಮವಾರ

ವಿಜಯ. ಬ್ರೈಟ್‌ಹೆಡ್ಜ್‌ನಿಂದ ಸ್ವಾಗತ ಪತ್ರ. ಇಂದಿನಿಂದ ಈ ಮನೆಯ ಪ್ರತಿ ದೀಪವೂ ನನ್ನ ಆಜ್ಞೆಯಂತೆ, ನಾನು ಆರಿಸಿದ ದರದಲ್ಲಿ ಉರಿಯುತ್ತದೆ. ಅಡುಗೆಮನೆಯ ಬಲ್ಬಿಗೆ ನಮಸ್ಕರಿಸಿದೆ. ಅದು ಮಿಣುಕಿತು. ಸಡಿಲವಾಗಿದೆಯಂತೆ, ಜೆಮ್ಮಾ ಹೇಳಿದ್ದು.

ನವೆಂಬರ್ ೧೩, ಗುರುವಾರ

ಸಂಜೆ ಕೆಲಸದಿಂದ ಬಂದಾಗ ಡೊರೀನ್ ನಮ್ಮ ಬಾಗಿಲ ಬಳಿ ನಿಂತಿದ್ದರು. ಕೋಟು ಹಾಕಿಕೊಂಡು, ಕೈಚೀಲ ಹಿಡಿದುಕೊಂಡು. ಪಕ್ಕದ ಮನೆಗೆ ಬರಲು ಅಷ್ಟು ಸಿದ್ಧತೆ. ಜೆಮ್ಮಾ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಏಳರ ತನಕ ಇರುತ್ತಾಳೆ. ನಾನೇ ಚಹಾ ಮಾಡಿದೆ. ಡೊರೀನ್ ಕುಡಿಯುವ ಮೊದಲು ತಟ್ಟೆಯನ್ನು ಎತ್ತಿ ತಳದ ಮುದ್ರೆ ಓದಿದರು. ಪಿಂಗಾಣಿಗೆ ಹೆಸರಾದ ಈ ಊರಿನವರು ಸ್ವರ್ಗಕ್ಕೆ ಹೋದರೂ ಮೊದಲು ತಟ್ಟೆ ತಿರುಗಿಸಿ ನೋಡಿಯೇ ಊಟಕ್ಕೆ ಕೂರುವವರು.

"ಚೀನಾದ್ದು," ಎಂದರು. "ನಾನು ಮೂವತ್ತು ವರ್ಷ ಕಪ್ಪಿನ ಅಂಚಿಗೆ ಚಿನ್ನದ ಗೆರೆ ಎಳೆದವಳು. ಎರಡು ಬೀದಿ ಆಚೆ ಕಾರ್ಖಾನೆ ಇಟ್ಕೊಂಡು ಇದನ್ನ ತಂದಿದ್ದೀಯಲ್ಲ, ನಾಚ್ಕೆ ಆಗಲ್ವಾ ಬಾತು?"

"ಆಗುತ್ತೆ. ಅಗ್ಗಕ್ಕೆ ಸಿಕ್ತು."

ಆಮೇಲೆ ಕೈಚೀಲದಿಂದ ಒಂದು ಪತ್ರ ತೆಗೆದರು. ಮಿಡ್‌ಮೂರ್ ಪವರ್ ಕಂಪನಿಯದು. ಶ್ರೀ ಸಿ. ಪಾಡ್ಮೋರ್ ಅವರ ಖಾತೆಯನ್ನು ಅವರ ಕೋರಿಕೆಯಂತೆ ಮುಚ್ಚಲಾಗಿದೆ, ಹೊಸ ಕಂಪನಿಯೊಂದಿಗೆ ಅವರಿಗೆ ಶುಭವಾಗಲಿ.

"ಸಿರಿಲ್ ನನ್ನ ಗಂಡ. ತೀರಿಕೊಂಡು ಫೆಬ್ರವರಿಗೆ ಆರು ವರ್ಷ ಆಯ್ತು. ಅವ್ನು ಹೆಂಗೆ ಕೋರ್ಕೊಂಡ?"

ನಾನು ನಕ್ಕೆ. ಕಂಪನಿಗಳ ದಡ್ಡತನದ ಬಗ್ಗೆ ಒಂದು ಸಣ್ಣ ಪ್ರವಚನ ಕೊಟ್ಟೆ. ಅವರು ನಗಲಿಲ್ಲ. ಪತ್ರವನ್ನು ಮಡಿಸಿದ ಗೆರೆಯಲ್ಲೇ ಮತ್ತೆ ಮಡಿಸಿದರು.

"ನೀನು ಈ ವಿಷ್ಯದಲ್ಲಿ ಏನೋ ಓಡಾಡ್ತಿದ್ದೆ ಅಲ್ವಾ ಸೌಟು ಹಿಡ್ಕೊಂಡು. ಸ್ವಲ್ಪ ನೋಡ್ತೀಯಾ?"

ನೋಡುತ್ತೇನೆ ಎಂದು ಪತ್ರದ ಫೋಟೋ ತೆಗೆದುಕೊಂಡೆ. ಅವರು ಹೋದ ಮೇಲೆ ಆ ಫೋಟೋ ನೋಡಿದೆ. ಕೆಳಗೆ ಮೀಟರಿನ ನಂಬರು. ಹಾಡಿ ಹೇಳಿದ ನಂಬರನ್ನು ಮರೆಯುವುದು ಕಷ್ಟ.

ಊಟ ರುಚಿಸಲಿಲ್ಲ. ಉಪ್ಪು ಕಡಿಮೆಯಿತ್ತೇನೋ.

ನವೆಂಬರ್ ೧೫, ಶನಿವಾರ

ಖಾತ್ರಿ ಮಾಡಿಕೊಳ್ಳಲು ಕೆಟಲ್ ಪರೀಕ್ಷೆ. ನಾನು ಓಣಿಯಲ್ಲಿ ಎಡದ ಡಬ್ಬಿಯ ಮುಂದೆ. ಅದರಲ್ಲೊಂದು ಪುಟ್ಟ ಕೆಂಪು ದೀಪ. ಕರೆಂಟು ಖರ್ಚಾದಂತೆಲ್ಲ ಮಿಟುಕುತ್ತದೆ. ಡೊರೀನ್ ತಮ್ಮ ಅಡುಗೆಮನೆಯಲ್ಲಿ.

"ಕೆಟಲ್ ಹಾಕಿ!" ಎಂದು ಕೂಗಿದೆ.

ಕೆಂಪು ದೀಪಕ್ಕೆ ಜ್ವರ ಬಂದ ಹಾಗಾಯಿತು. ಪಟಪಟಪಟ.

"ಆಫ್ ಮಾಡಿ!"

ನಿಧಾನ. ಒಂದು... ಒಂದು...

"ಇನ್ನೊಂದ್ಸಲ ಹಾಕಿ!"

"ಹಾಕ್ತಾನೇ ಇರ್ಲಾ? ನಾನೇನು ಇಡೀ ಬೀದಿಗೆ ಚಹಾ ಮಾಡ್ತಿದ್ದೀನಾ?"

ಎಡದ ಡಬ್ಬಿ ಬಲದ ಮನೆಯದು. ಓಣಿಯ ಮೇಲಿನ ಕೋಣೆ ನಮಗೆ ಸೇರಿರುವುದರಿಂದ ತಂತಿಗಳು ತಲೆಯ ಮೇಲೆ ಒಂದನ್ನೊಂದು ದಾಟಿ ಇಳಿದಿವೆ. "ಬೀದಿಪೂರ್ತಿ ಹಾಗೇ," ಎಂದರು ಡೊರೀನ್. "ಎಲ್ಲಾರ್ಗೂ ಗೊತ್ತು. ಯಾರನ್ನಾದ್ರೂ ಒಂದ್ಮಾತು ಕೇಳ್ಬಾರ್ದಿತ್ತಾ?"

ಅವರ ಅಡುಗೆಮನೆಯಲ್ಲಿ ನಿಂತು ತಪ್ಪೊಪ್ಪಿಕೊಂಡೆ. ಆಸ್ಥಾನದ ಭಾಷೆಯಲ್ಲಿ ಶುರು ಮಾಡಿದೆ, ನಡುವೆ ಅದು ಎಲ್ಲೋ ಬಿದ್ದುಹೋಯಿತು. "ನನ್ನ ತಪ್ಪು, ಡೊರೀನ್," ಎಂದಷ್ಟೇ ಉಳಿಯಿತು.

ಅವರು ಬೈಯುತ್ತಾರೆಂದುಕೊಂಡಿದ್ದೆ. ಮೇಜಿನತ್ತ ತೋರಿಸಿದರು. ಎರಡು ಕುರ್ಚಿ. ಕಿಟಕಿಯ ಕಡೆಯ ಕುರ್ಚಿಯ ಮುಂದೆ ಹಳೆಯ ಬಿಲ್ಲೊಂದು ನೆಟ್ಟಗೆ ಇಟ್ಟಿತ್ತು, ಪಕ್ಕದಲ್ಲಿ ಒಂದು ಕನ್ನಡಕ.

"ಮೂರ್ ತಿಂಗಳಿಗೊಂದು ಬರ್ತಿತ್ತು. 'ಪ್ರಿಯ ಪಾಡ್ಮೋರ್ ಅವರೇ' ಅಂತ. ಅವನ ಜಾಗದಲ್ಲಿ ಇಡ್ತಿದ್ದೆ. ಬ್ಯಾಂಕ್‌ನೋರು ಹೆಸರು ತೆಗೆದ್ರು, ಪಿಂಚಣಿಯೋರು ತೆಗೆದ್ರು, ಗ್ರಂಥಾಲಯದೋರು ಕಾರ್ಡ್ ವಾಪಸ್ ತಗೊಂಡ್ರು. ಎಲ್ಲಾರೂ ತುಂಬಾ ವಿಷಾದ ವಿಷಾದ ಅಂತ ಹೇಳಿ ಹೇಳಿ ಅಳಿಸಿದ್ರು. ಕರೆಂಟ್‌ನೋರಿಗೆ ಮಾತ್ರ ನಾನು ಹೇಳ್ಲೇ ಇಲ್ಲ. ಇಡೀ ದೇಶದಲ್ಲಿ ಇನ್ನೂ ಅವನ್ನ ಮಾತಾಡ್ಸೋದು ಅವ್ರೊಬ್ರೇ."

ನಾನು ಸಿಂಕಿನಲ್ಲಿದ್ದ ಕಪ್ಪುಗಳನ್ನು ತೊಳೆದಿಟ್ಟೆ. ಇದನ್ನು ಇಲ್ಲಿ ದಾಖಲಿಸುವುದು ಅಗತ್ಯ, ಏಕೆಂದರೆ ಅಂಥದ್ದು ಅಪರೂಪ.

ನವೆಂಬರ್ ೧೭, ಸೋಮವಾರ

ಊಟದ ವಿರಾಮದಲ್ಲಿ ಮಿಡ್‌ಮೂರ್‌ಗೆ ಫೋನು. ತಪ್ಪಾಗಿ ಬದಲಾದ ಮನೆಯನ್ನು ಮೊದಲಿನಂತೆಯೇ ವಾಪಸು ತೆಗೆದುಕೊಳ್ಳುತ್ತಾರಂತೆ, ಏನೂ ಆಗಿಲ್ಲವೆಂಬಂತೆ, ಅದೇ ಖಾತೆ, ಅದೇ ಹೆಸರು. ಆಹಾ ಎಂದೆ. ಆದರೆ ಖಾತೆದಾರರೇ ಫೋನಿನಲ್ಲಿ ಬಂದು, ನಾನು ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಹೇಳಬೇಕು.

"ಖಾತೆದಾರರು ಸ್ವಲ್ಪ... ಮಾತು ಕಡಿಮೆ," ಎಂದೆ.

"ಪರವಾಗಿಲ್ಲ ಸರ್, ಎರಡೇ ನಿಮಿಷ."

ರಾತ್ರಿಯ ಊಟಕ್ಕೆ ಕೂತಾಗ ಜೆಮ್ಮಾಳಿಗೆ ಯೋಜನೆ ಹೇಳಿದೆ. ಸಿರಿಲ್ ಪಾಡ್ಮೋರ್ ಎರಡು ನಿಮಿಷದ ಮಟ್ಟಿಗೆ ಮರಳಿ ಬರುತ್ತಾರೆ, ಪಾತ್ರಧಾರಿ ನಾನು.

ಅವಳು ಫೋರ್ಕು ಕೆಳಗಿಟ್ಟಳು. "ಸತ್ತೋರ ದನಿ ಆಡೋದೂ ತಮಾಷೆನಾ ನಿಂಗೆ?"

"ತಮಾಷೆ ಅಲ್ಲ. ಇದು..."

"ನಿಂಗೆ ಎಲ್ಲಾನೂ ನಾಟ್ಕ ಟೋಬಿ. ಮನೆ ತಗೊಂಡಿದ್ದೂ ನಾಟ್ಕ. ಒಂದು ಪೆಟ್ಟಿಗೆ ಬಿಚ್ಚಿಲ್ಲ ನೀನು, ಹದಿನಾರು ದಿನ ಆಯ್ತು. ಆ ಅಜ್ಜಿನೇ ಕಂಪನಿಗೆ ನಿಜ ಹೇಳ್ಲಿ ಬಿಡು. ಅವ್ರ ಹೆಸರಿಗೆ ಮಾಡಿಸ್ಕೊಟ್ಟು ಮುಗಿಸು."

"ಅವ್ರಿಗೆ ಅದೇ ಬೇಡ."

"ಬೇಡ ಅಂತ ಅವ್ರು ಹೇಳಿದ್ರಾ, ನೀನು ಹೇಳ್ತಿದ್ದೀಯಾ?"

ನಾನು ಒಂದು ಪೆಟ್ಟಿಗೆ ಬಿಚ್ಚಿದೆ. ಅದರ ತುಂಬ ಬೇಸಿಗೆ ಬಟ್ಟೆ. ಮತ್ತೆ ಮುಚ್ಚಿದೆ.

ನವೆಂಬರ್ ೧೮, ಮಂಗಳವಾರ

ಡೊರೀನ್‌ಗೆ ಯೋಜನೆ ಹೇಳಿದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಕಿಟಕಿಯ ಕಡೆಯ ಕುರ್ಚಿ ಎಳೆದು, "ಕೂತ್ಕೋ. ನೋಡೋಣ," ಎಂದರು.

ನವೆಂಬರ್ ೨೦, ಗುರುವಾರ

ಎರಡನೇ ತಾಲೀಮು. ಸಿರಿಲ್ ಫೋನಿನಲ್ಲಿ ಹಲೋ ಎನ್ನುತ್ತಿರಲಿಲ್ಲ. "ಹೂಂ. ಪಾಡ್ಮೋರ್," ಎನ್ನುತ್ತಿದ್ದರು, ಮಾತಿಗೆ ಕಾಸು ಬೀಳುತ್ತದೆ ಎನ್ನುವವರಂತೆ. ಕಾರ್ಖಾನೆಯಲ್ಲಿ ಕುಲುಮೆ ಕಾಯುವ ಕೆಲಸ. ಬೆಂಕಿಯ ಬಣ್ಣ ನೋಡಿಯೇ ಒಳಗಿನ ಕಪ್ಪುಗಳು ಬೆಂದವೋ ಇಲ್ಲವೋ ಹೇಳುತ್ತಿದ್ದರಂತೆ. ಮನೆಯಲ್ಲಿ ಮಾತ್ರ ಚಳಿ ತಡೆಯುತ್ತಿರಲಿಲ್ಲ. ಹೀಟರಿಗೆ ಬೆನ್ನು ತಾಗಿಸಿಕೊಂಡೇ ಪೇಪರು ಓದುವುದು.

ನಾನು ಗಂಟಲು ಸರಿಮಾಡಿಕೊಂಡು ದಪ್ಪ ದನಿಯಲ್ಲಿ, ನಿಧಾನಕ್ಕೆ, "ಹೂಂ. ಪಾಡ್ಮೋರ್. ಏನ್ ಸಮಾಚಾರ?" ಎಂದೆ.

ಮೇಜು ಒರೆಸುತ್ತಿದ್ದ ಡೊರೀನ್ ಕೈಯಲ್ಲಿನ ಬಟ್ಟೆ ನಿಂತಿತು.

"ಹೆಂಗಿತ್ತು?" ಎಂದೆ.

"ಪರವಾಗಿಲ್ಲ. ಇನ್ನೊಂದ್ಸಲ ಹೇಳು."

ಹೇಳಿದೆ. ಒಟ್ಟು ಆರು ಸಲ. ನನ್ನ ಪ್ರತಿಭೆಯ ಬಗ್ಗೆ ನನಗೇ ಸ್ವಲ್ಪ ಭಯವಾಯಿತು.

ನವೆಂಬರ್ ೨೩, ಭಾನುವಾರ

ತಾಲೀಮಿನ ನಡುವೆ ಓಟ್‌ಕೇಕು ಎಂಬ ಓಟ್ಸ್ ಹಿಟ್ಟಿನ ದೋಸೆ ಕೊಟ್ಟರು, ಚೀಸು ಮತ್ತು ಬೇಕನ್ ಒಳಗಿಟ್ಟು ಮಡಿಸಿ. ನಾಲ್ಕು ತಿಂದೆ. "ಸಿರಿಲ್ ಮೂರೇ ತಿಂತಿದ್ದ. ಪಾತ್ರದಲ್ಲಿರು," ಎಂದು ಗದರಿದರು.

ಜನ್ಮದಿನಾಂಕ ಬಾಯಿಪಾಠವಾಗಿದೆ: ೧೯೪೬ರ ಮಾರ್ಚ್ ಒಂಬತ್ತು. ಈ ಮನೆಗೆ ಬಂದು ನಲವತ್ತಾರು ವರ್ಷ. ಮದುವೆಯ ದಿನ ಮೋಟರುಬೈಕು ಕೆಟ್ಟು ಇಬ್ಬರೂ ತಳ್ಳಿಕೊಂಡು ಬಂದರಂತೆ. ಇದು ಕಂಪನಿ ಕೇಳುವ ಪ್ರಶ್ನೆಯಲ್ಲ. ಆದರೂ ತಿಳಿದಿರುವುದು ಒಳ್ಳೆಯದು. ಅವರು ಹೇಳುತ್ತ ಹೋದರು, ನಾನು ಪಾತ್ರೆ ಒರೆಸುತ್ತ ಹೋದೆ. ಹೊರಗೆ ಬಂದಾಗ ನೋಡಿದರೆ ಮೂರು ಗಂಟೆ ಕಳೆದಿದೆ. ಜೆಮ್ಮಾ ಒಬ್ಬಳೇ ಪುಸ್ತಕದ ಕಪಾಟು ಜೋಡಿಸಿಬಿಟ್ಟಿದ್ದಳು.

"ಯಾವ ದೃಶ್ಯ ಇವತ್ತು?" ಎಂದಳು, ಬೆನ್ನು ತಿರುಗಿಸಿಕೊಂಡೇ.

"ಮದುವೆಯ ದೃಶ್ಯ." ಮೋಟರುಬೈಕಿನ ಕತೆ ಹೇಳಿದೆ. ಅವಳು ಸ್ಕ್ರೂಡ್ರೈವರು ಕೆಳಗಿಟ್ಟು ಪೂರ್ತಿ ಕೇಳಿದಳು.

ನವೆಂಬರ್ ೨೫, ಮಂಗಳವಾರ

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಓಣಿಯಲ್ಲಿ ಎಡದ ಡಬ್ಬಿ ನೋಡುವುದು ಅಭ್ಯಾಸವಾಗಿದೆ. ಏಳು ಗಂಟೆಗೆ ಕೆಂಪು ದೀಪ ಪಟಪಟ ಎನ್ನುತ್ತದೆ. ಅಂದರೆ ಡೊರೀನ್ ಕೆಟಲ್ ಹಾಕಿದರು. ಇಂದು ಏಳೂಕಾಲಾದರೂ ಒಂದು... ಒಂದು... ಎನ್ನುತ್ತಿತ್ತು.

ಬಾಗಿಲು ತಟ್ಟಿದೆ. ತಡವಾಗಿ ತೆಗೆದರು, ಶಾಲು ಹೊದ್ದು, ಕೆಮ್ಮುತ್ತ.

"ಏನು?"

"ಸಕ್ಕರೆ ಇದ್ಯಾ ಅಂತ..."

"ನೀನು ಸಕ್ಕರೆ ಹಾಕ್ಕೊಳಲ್ಲ."

"ಜೆಮ್ಮಾಗೆ."

"ಅವಳೂ ಹಾಕ್ಕೊಳಲ್ಲ." ಪಕ್ಕಕ್ಕೆ ಸರಿದರು. "ಬಂದಿದ್ದೀಯಲ್ಲ, ಕೆಟಲ್ ಹಾಕು."

ಗೋದಾಮಿಗೆ ಅರ್ಧ ಗಂಟೆ ತಡ. ಕಾರಣ: ರಾಜಕಾರ್ಯ.

ನವೆಂಬರ್ ೨೮, ಶುಕ್ರವಾರ

ಇದನ್ನು ಕ್ರಮವಾಗಿ ಬರೆಯುತ್ತೇನೆ.

ರಜೆ ಹಾಕಿದ್ದೆ. ಹತ್ತು ಗಂಟೆಗೆ ಡೊರೀನ್ ಅವರ ಮೇಜಿನ ಮೇಲೆ ಫೋನಿಟ್ಟು, ದನಿ ಇಬ್ಬರಿಗೂ ಕೇಳುವ ಹಾಗೆ ಮಾಡಿದೆ. ನಾನು ಕಿಟಕಿಯ ಕಡೆಯ ಕುರ್ಚಿಯಲ್ಲಿ. ಡೊರೀನ್ ಎದುರಿಗೆ, ತುಟಿಗೆ ಬಣ್ಣ ಹಚ್ಚಿಕೊಂಡಿದ್ದರು. ಜೆಮ್ಮಾ ಬರುವುದಿಲ್ಲ ಎಂದಿದ್ದಳು. ಹತ್ತಕ್ಕೆ ಐದು ನಿಮಿಷವಿರುವಾಗ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತಳು.

"ಮಿಡ್‌ಮೂರ್ ಪವರ್, ನಾನು ಫರ್ಹಾನಾ. ಯಾರು ಮಾತಾಡ್ತಿರೋದು?"

"ಹೂಂ. ಪಾಡ್ಮೋರ್."

ಜನ್ಮದಿನಾಂಕ ಹೇಳಿದೆ. ವಿಳಾಸ ಹೇಳಿದೆ. ಮೀಟರಿನ ಅಂಕಿ ಹೇಳಿದೆ, ಹಾಡದೆ. ಒಪ್ಪಿಗೆಯಿಲ್ಲದೆ ಬದಲಾಯಿಸಿದ್ದಾರೆ, ಪಕ್ಕದ ಮನೆಗೆ ಬಂದ ಯಾವನೋ ಅರೆಹುಚ್ಚ, ಎಂದೆ. ಡೊರೀನ್ ಅದಕ್ಕೆ ಜೋರಾಗಿ ತಲೆಯಾಡಿಸಿದರು. ಫರ್ಹಾನಾ ಎಲ್ಲವನ್ನೂ ಬರೆದುಕೊಂಡರು. ಎಲ್ಲವೂ ಸುಸೂತ್ರ.

"ಕೊನೇದೊಂದು ಪ್ರಶ್ನೆ ಸರ್, ಇದನ್ನ ಕೇಳ್ಲೇಬೇಕು. ಆ ಮನೇಲಿ ಈಗ್ಲೂ ನೀವೇ ವಾಸ ಇರೋದು ಅಲ್ವಾ?"

ಇದು ನಾವು ಅಭ್ಯಾಸ ಮಾಡಿದ್ದರಲ್ಲಿ ಇರಲಿಲ್ಲ. ಹೌದು ಎಂದಿದ್ದರೆ ಸಾಕಿತ್ತು. ಆದರೆ ಆ ದನಿ ತಾನಾಗಿಯೇ ಮಾತಾಡಿತು.

"ಇಲ್ಲದೆ ಇನ್ನೆಲ್ಲಿರ್ಲಿ? ಸಿಟ್ಟು ಬಂದಾಗ ಬಾಗ್ಲು ದಡ್ ಅಂತ ಹಾಕ್ಕೊಂಡು ಹೋಗ್ತೀನಿ, ಸರಿ. ಆದ್ರೆ ಮೂಲೆ ತನಕ ಅಷ್ಟೇ. ಅಲ್ಲಿ ನಿಂತು ತಿರುಗಿ ನೋಡ್ತೀನಿ, ಮನೇಲಿ ದೀಪ ಉರೀತಿದ್ಯಾ ಅಂತ. ಉರೀತಿದ್ರೆ ವಾಪಸ್ ಬರ್ತೀನಿ. ಯಾರೂ ಕರೀಬೇಕಾಗಿಲ್ಲ."

ಫೋನಿನ ಆ ಕಡೆ ಕೀಲಿಮಣೆ ಟಕಟಕ ಎನ್ನುತ್ತಿತ್ತು. ಜೆಮ್ಮಾ ಕಟ್ಟಿದ ಕೈ ಬಿಟ್ಟಳು.

ಡೊರೀನ್ ಮೇಜಿನ ಮೇಲಿಂದ ಕೈ ಚಾಚಿ ನನ್ನ ಕೈ ಮೇಲಿಟ್ಟರು. "ಸಾಕು ಬಾತು," ಎಂದು ಮೆಲ್ಲಗೆ ಹೇಳಿ ಫೋನನ್ನು ತಮ್ಮ ಕಡೆ ಎಳೆದುಕೊಂಡರು.

"ಕೇಳಮ್ಮ, ನಾನು ಡೊರೀನ್. ಸಿರಿಲ್ ಹೆಂಡ್ತಿ. ಅವ್ನಿಲ್ಲ ಕಣಮ್ಮ. ಆರು ವರ್ಷ ಆಯ್ತು. ಕರೆಂಟ್ ಉರಿಸ್ತಿರೋದು ನಾನು."

"ಓ..." ಎಂದರು ಫರ್ಹಾನಾ. ಎಲ್ಲೋ ಕೀಲಿಮಣೆಯ ಸದ್ದು ನಿಂತಿತು. "ಹಾಗಿದ್ರೆ... ಈಗ ಮಾತಾಡಿದ್ದು ಯಾರು?"

"ಪಕ್ಕದ್ಮನೆ ಹುಡುಗ. ಅದೇ ಅರೆಹುಚ್ಚ. ತಲೆ ಸ್ವಲ್ಪ ಸಡಿಲ, ಮನಸ್ಸು ಗಟ್ಟಿ. ಅವನ್ನ ಬಯ್ಯಬೇಡ, ಬಯ್ಯೋದಿದ್ರೆ ನನ್ನ ಬಯ್ಯಿ. ನಂಗೆ ಕೇಳ್ಬೇಕು ಅನ್ನಿಸ್ತು."

ನಾನು ಪೊಲೀಸರ ದಾರಿ ಕಾಯುತ್ತಿದ್ದೆ. ಫರ್ಹಾನಾ ಮೂಗೆಳೆದುಕೊಂಡ ಸದ್ದು ಬಂತು.

"ನಮ್ಮಜ್ಜಿನೂ ತಾತನ ಫೋನ್ ನಂಬರ್ ತೆಗೆಸಿಲ್ಲ," ಎಂದರು. "ಹೇಳಿ ಡೊರೀನ್ ಅವರೇ, ನಿಮ್ಮ ಮನೆಯ ಕರೆಂಟ್‌ನ ನಮ್ಮ ಕಂಪನಿಗೇ ವಾಪಸ್ ತಗೋತೀವಿ. ಖಾತೆ ಯಾರ ಹೆಸರಿಗೆ ಬರೀಲಿ? ಬೇಕಾದ್ರೆ ಇಬ್ಬರ ಹೆಸರೂ ಇಡೋಕೆ ಆಗುತ್ತಾ ಅಂತ ಕೇಳಿ ನೋಡ್ತೀನಿ."

ಡೊರೀನ್ ನನ್ನ ಕಡೆ ನೋಡಲಿಲ್ಲ. ಜೆಮ್ಮಾಳ ಕಡೆಯೂ ನೋಡಲಿಲ್ಲ. ಮೇಜಿನ ಮೇಲಿನ ಕನ್ನಡಕವನ್ನು ಸ್ವಲ್ಪ ನೇರ ಮಾಡಿದರು.

"ಬೇಡಮ್ಮ. ನನ್ನ ಹೆಸರೇ ಬರ್ಕೋ. ಪೂರ್ತಿ ಬರ್ಕೋ. ಡೊರೀನ್ ಮಾಬೆಲ್ ಪಾಡ್ಮೋರ್. ಮಾಬೆಲ್ ಬಿಡ್ಬೇಡ, ಅವ್ನಿಗೆ ಆ ಹೆಸರು ಕೇಳಿದ್ರೆ ನಗು."

ಫೋನಿಟ್ಟ ಮೇಲೆ ಜೆಮ್ಮಾ ಒಳಗೆ ಬಂದು ಕೆಟಲ್ ಹಾಕಿದಳು. ಮೂವರೂ ಚಹಾ ಕುಡಿದೆವು. ಬಿಸ್ಕೆಟಿನ ಬಗ್ಗೆ ಮಾತಾಡಿದೆವು. ಬಿಸ್ಕೆಟ್ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ಜೆಮ್ಮಾ, "ಆ ದೀಪದ ಮಾತು ಡೊರೀನ್ ಹೇಳ್ಕೊಟ್ಟಿದ್ದಾ?" ಎಂದಳು.

"ಹೂಂ," ಎಂದೆ.

ನವೆಂಬರ್ ೩೦, ಭಾನುವಾರ

ನಮ್ಮ ಮನೆ ಇಷ್ಟು ದಿನವೂ ಆ ಹಳೆ ಮಾಲೀಕನ ದುಬಾರಿ ಕಂಪನಿಯಲ್ಲೇ ಇತ್ತು ಎಂಬುದು ಇಂದು ಬೆಳಿಗ್ಗೆ ಸಭೆಯ ಗಮನಕ್ಕೆ ಬಂತು. ಹೊಸದಾಗಿ ವಿಧಿವಿಧಾನಗಳನ್ನು ಗೊತ್ತುಪಡಿಸಲು ನಾನು ಪರದೆ ಹುಡುಕಿಕೊಂಡು ಬರುವಷ್ಟರಲ್ಲಿ ಜೆಮ್ಮಾ ಪೈಜಾಮದಲ್ಲೇ ಓಣಿಗೆ ಹೋಗಿ, ಬಲದ ಡಬ್ಬಿಯ ಫೋಟೋ ಹೊಡೆದುಕೊಂಡು ಬಂದು, ಬ್ರೆಡ್ಡು ಕೆಂಪಗಾಗುವಷ್ಟರಲ್ಲಿ ಎಲ್ಲಾ ಮುಗಿಸಿಬಿಟ್ಟಳು.

ನಾನು ಪೆಟ್ಟಿಗೆಗಳನ್ನು ಬಿಚ್ಚಿದೆ. ಹನ್ನೊಂದು. ಬೇಸಿಗೆ ಬಟ್ಟೆಯದ್ದೂ ಸೇರಿ. ಪರದೆಯನ್ನು ಕಿಟಕಿಗೇ ಹಾಕಿದೆ. ಅಲ್ಲಿ ಅದು ಪರವಾಗಿಲ್ಲ ಎನ್ನುವ ಹಾಗೆ ಕಾಣುತ್ತದೆ.

ಡಿಸೆಂಬರ್ ೪, ಗುರುವಾರ

ಏಳು ಗಂಟೆ. ಪಟಪಟ. ಒಳ್ಳೆಯದು.

ಡಿಸೆಂಬರ್ ೯, ಮಂಗಳವಾರ

ಡೊರೀನ್ ಮಹಡಿಯಲ್ಲಿ, ಓಣಿಯ ಮೇಲಿನ ಕೋಣೆಗೆ ತಾಗಿದ ಗೋಡೆ ಬಡಿದರು. ಈಗ ನಮ್ಮ ನಡುವೆ ಅದೇ ಅಂಚೆ. ಹೋದೆ.

ಪತ್ರ ಬಂದಿತ್ತು. "ಪ್ರಿಯ ಡೊರೀನ್ ಮಾಬೆಲ್ ಪಾಡ್ಮೋರ್ ಅವರೇ." ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಓದಿದರು, ನನ್ನ ಕೈಲಿ ಓದಿಸಿದರು. ಮೂವತ್ತು ವರ್ಷ ಸಾವಿರಾರು ಕಪ್ಪುಗಳಿಗೆ ಗೆರೆ ಎಳೆದಿದ್ದರೂ ಯಾವುದರ ತಳದಲ್ಲೂ ಅವರ ಹೆಸರಿರಲಿಲ್ಲವಂತೆ. ಮನೆಗೆ ಬರುವ ಕಾಗದವೆಲ್ಲ ಮೊದಲು ಅಪ್ಪನ ಹೆಸರಿಗೆ, ಆಮೇಲೆ ಸಿರಿಲ್ ಹೆಸರಿಗೆ. ಎಪ್ಪತ್ತಾರನೇ ವಯಸ್ಸಿಗೆ ಕರೆಂಟಿನವರು ಅವರನ್ನು ಕರೆದು ಮಾತಾಡಿಸಿದ್ದಾರೆ.

ಪತ್ರವನ್ನು ತಮ್ಮ ಮುಂದೆ ಇಟ್ಟುಕೊಳ್ಳುತ್ತಾರೆಂದುಕೊಂಡೆ. ಕಿಟಕಿಯ ಕಡೆಯ ಕುರ್ಚಿಯ ಮುಂದೆ ನಿಲ್ಲಿಸಿದರು.

"ಅವ್ನೂ ನೋಡ್ಲಿ," ಎಂದರು.

ಚಹಾ ಸುರಿಯುತ್ತ, "ಒಂದ್ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ," ಎಂದರು. "ನಿನ್ನ ದನಿ ಸಿರಿಲ್ ದನಿ ತರ ಒಂಚೂರೂ ಇರ್ಲಿಲ್ಲ. ಅವನ್ದು ಕೀರಲು ದನಿ. ಎಣ್ಣೆ ಹಾಕದ ಗೇಟು."

ನನ್ನ ಕಲಾಜೀವನದ ಅತಿದೊಡ್ಡ ಆಘಾತ. "ಮತ್ತೆ ಹತ್ತು ದಿನ ಯಾಕೆ ಹೇಳ್ಲಿಲ್ಲ?"

"ಆ ಕುರ್ಚೀಲಿ ಕೂತು ಯಾರೋ ಮಾತಾಡ್ತಿದ್ರು. ನಿಲ್ಸೋಕೆ ಮನಸ್ಸು ಬರ್ಲಿಲ್ಲ." ಹಾಲು ಹಾಕಿ ಕಪ್ಪನ್ನು ನನ್ನತ್ತ ತಳ್ಳಿದರು. "ಅದ್ ಯಾರ್ ದನಿ ಬಾತು?"

"ಯಾರದ್ದೂ ಅಲ್ಲ. ನಾನೇ ಕಟ್ಟಿದ್ದು. ಪ್ರತಿಭೆ."

ಅವರು ಮುಂದೆ ಕೇಳಲಿಲ್ಲ.

ಆ ದನಿ ನನ್ನಪ್ಪನದು; ಮೂಲೆಯಲ್ಲಿ ನಿಂತು ದೀಪ ನೋಡುವ ಮಾತೂ ಅವನದೇ. ಎರಡು ಬಸ್ಸು ಹಿಡಿದರೆ ಸಿಗುವ ಲಾಂಗ್ಟನ್‌ನಲ್ಲಿ ಗಟ್ಟಿಮುಟ್ಟಾಗಿ ಬದುಕಿದ್ದಾನೆ. ನಾವು ಮಾತು ಬಿಟ್ಟು ಎರಡು ವರ್ಷ. ನಾನು ಮಾಡಿದ ಒಂದು ತಮಾಷೆಗೆ ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು. ಮೂವತ್ತೊಂದು ವರ್ಷದಿಂದ ಅವನ ಕೆಲಸ ಈ ಊರುಗಳ ಓಣಿ ಓಣಿ ಹೊಕ್ಕು ಮನೆಗಳಿಗೆ ಕರೆಂಟಿನ ಮೀಟರು ಕೂರಿಸುವುದು. ಎಡದ ಡಬ್ಬಿಯೋ ಬಲದ್ದೋ ಎಂದು ಒಂದು ಮಾತು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದ. ಆದರೆ ಅದನ್ನು ಕೇಳಲು, ನಾನು ಮನೆ ಕೊಂಡಿದ್ದೇನೆಂದು ಮೊದಲು ಅವನಿಗೆ ಹೇಳಬೇಕಿತ್ತು.

ಇನ್ನೂ ಹೇಳಿಲ್ಲ.